ಅಪ್ಪನ ಕಂಪ್ಯೂಟರಿನಲ್ಲಿ ಉಳಿದ ಲಗ್ನಪತ್ರಿಕೆ

ಹಿರೇಕೆರೂರು
18 ನವೆಂಬರ್ 2024, ಸೋಮವಾರ

ಪ್ರೀತಿಯ ತನುಜಕ್ಕಾ,

ಅಪ್ಪನ ಅಂಗಡಿಯ ಕಂಪ್ಯೂಟರು ಮೊನ್ನೆ ಶನಿವಾರ ಸಂಜೆ ಶುರುವಾಯಿತು. ಅವ್ವ ನೋಡಬೇಕಾದದ್ದನ್ನು ನೋಡಿದಳು. ನಿನಗೆ ಬರೆಯೆಂದು ಹೇಳಿದಳು. ಬರೆಯುತ್ತಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಸೊಲ್ಲಾಪುರದಲ್ಲಿ ಚಳಿ ಬಿದ್ದಿರಬೇಕು. ಚಳಿಗೆ ಅದು ಹೆಚ್ಚಾಗುತ್ತದೆ ಎಂದು ನೀನು ಅವ್ವನಿಗೆ ಹೇಳಿದ್ದು ಕೇಳಿದ್ದೇನೆ. ಭಾನುವಾರ ನೀನು ಫೋನು ಮಾಡಿದಾಗ ಅವ್ವ ಸ್ಪೀಕರ್ ಹಾಕುತ್ತಾಳೆ. ಅದು ನಿನಗೆ ಗೊತ್ತಿರಲಿಕ್ಕಿಲ್ಲ. ನಾನು ಒಳಗಿನ ಕೋಣೆಯಲ್ಲಿ ಕೂತಿರುತ್ತೇನೆ. ಮಾಹೀರಾಳ ಪರೀಕ್ಷೆ, ನದೀಮಭಾವ ಚಾದರದ ಅಂಗಡಿಯನ್ನು ಬೇರೆ ಬೀದಿಗೆ ಒಯ್ದದ್ದು, ಎಲ್ಲ ಹಾಗೆ ತಿಳಿದದ್ದು. ಅವ್ವನ ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಯಿತು. ಈಗ ಪತ್ರಿಕೆಯ ದೊಡ್ಡ ಅಕ್ಷರಗಳನ್ನು ಓದುತ್ತಾಳೆ. ಸಕ್ಕರೆ ಹದದಲ್ಲಿದೆ, ಕದ್ದು ತಿನ್ನುವುದು ಬಿಟ್ಟಿಲ್ಲ.

ಹೋದ ಡಿಸೆಂಬರಿನಲ್ಲಿ ಅಪ್ಪನ ಮಣ್ಣಿಗೆ ಬಂದು, ಅದೇ ಸಂಜೆ ಹೊರಟಾಗ ನೀನು ಅವ್ವನಿಗೆ ಒಂದು ಮಾತು ಹೇಳಿದ್ದೆ: “ಅಪ್ಪ ಕಡೀತನಕಾ ನನ್ನ ಹೆಸರು ಅಳಿಸಿದಂವನ ಆಗಿ ಹ್ವಾದ.” ಅವ್ವ ಅದನ್ನು ಮರೆಯಲಿಲ್ಲ. 2003ರಲ್ಲಿ ನನ್ನ ಮದುವೆಯ ಕಾರ್ಡಿನಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ, ಹಾನಗಲ್ಲಿನ ಮಾವನ ಮೊಮ್ಮಕ್ಕಳ ಹೆಸರೂ ಇತ್ತು, ನಿನ್ನದು ಮತ್ತು ಭಾವನದು ಇರಲಿಲ್ಲ. ಇಡೀ ತಾಲೂಕಿನ ಲಗ್ನಪತ್ರಿಕೆ ಮಾಡಿಕೊಟ್ಟ ದ್ಯಾಮಪ್ಪ ತನ್ನ ಮಗಳ ಹೆಸರನ್ನೇ ಬಿಟ್ಟ ಎಂದು ಊರು ಆಡಿತು. ನೀನು ಮದುವೆಗೆ ಬರಲಿಲ್ಲ. ಅವ್ವ ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ: “ನಾನ ತಗದೇನಿ. ಬಿಡು ಆ ಮಾತು.” ಆದರೆ ಕಾರ್ಡು ಅಚ್ಚಿಗೆ ಹೋಗುವ ಮುಂಚಿನ ಮಂಗಳವಾರ ಊಟಕ್ಕೆ ಕೂತಾಗ “ಎಲ್ಲಾರ ಹೆಸರೂ ಹಾಕೇನಿ, ನೀ ಚಿಂತಿ ಮಾಡಬ್ಯಾಡ” ಅಂದದ್ದೂ ಅಪ್ಪನೇ. ಅವ್ವನಿಗೆ ಈ ಎರಡು ಮಾತು ಇಪ್ಪತ್ತೊಂದು ವರ್ಷ ಒಂದಕ್ಕೊಂದು ಕೂಡಲಿಲ್ಲ. ಅಪ್ಪನ ವರ್ಷದ ಪುಣ್ಯಸ್ಮರಣೆಗೆ ಕಾರ್ಡು ಮಾಡಿಸುವ ಮಾತು ಬಂದಾಗ ಅವಳು ಹೇಳಿದಳು: “ಮೊದಲ ಆ ಡಬ್ಬಿ ತಗಸು. ಅಂವಾ ಬರದಿದ್ನೋ ಇಲ್ಲೋ, ನನಗ ಅಷ್ಟ ಗೊತ್ತಾಗಬೇಕು.”

ಹೊಸ ಕಂಪ್ಯೂಟರಿನಲ್ಲಿ ಇದು ಆಗುವ ಕೆಲಸವಲ್ಲ. ಅಪ್ಪ ಸಿ.ಡಿ.ಗೆ ಹಾಕಿಟ್ಟಿದ್ದ ಯಾರದೋ ಕಾರ್ಡನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಬರೀ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಆವರಣ ಚಿಹ್ನೆ. ಆ ಕಾಲದ ಕನ್ನಡ ಆ ಯಂತ್ರದೊಳಗೆ ಮಾತ್ರ ಕನ್ನಡ. ಅದನ್ನು ಅಟ್ಟದಿಂದ ಇಳಿಸಿ ಒರೆಸಿದೆ. ಕೀಬೋರ್ಡಿನ ಮೇಲೆ, ಬೆರಳು ತಪ್ಪದಿರಲೆಂದು ನೀನು ಉಗುರುಬಣ್ಣದಿಂದ ಇಟ್ಟ ಎರಡು ಚುಕ್ಕೆ ಹಾಗೇ ಇವೆ. ನನಗೆ ಟೈಪಿಂಗ್ ಕಲಿಸಿದ್ದು ಆ ಚುಕ್ಕೆಗಳ ಮೇಲೆಯೇ ಅಲ್ಲವೇ.

ಸವಣೂರಿನ ಖಾದರಸಾಬರ ಹತ್ತಿರ ಒಯ್ದೆ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಇನ್ವರ್ಟರು, ಮಿಕ್ಸರು. ನಾನು ನೇರ ಪ್ಲಗ್ ಹಾಕಲು ಹೋದಾಗ ಕೈ ಹಿಡಿದರು: “ಹನ್ನೆರಡು ವರ್ಷ ಮಲಗಿದಂವನ್ನ ಎಬ್ಬಿಸಿ, ಓಡು ಅಂತೀರೇನ್ರಿ ಸರ್? ಮೊದಲ ಹೊಟ್ಟಿ ನೋಡೂಣು ತಡೀರಿ.” ಕರೆಂಟಿನ ಪೆಟ್ಟಿಗೆಯಲ್ಲಿ ಮೂರು ಕೆಪಾಸಿಟರುಗಳ ತಲೆ ಉಬ್ಬಿತ್ತು. ಬದಲಿಸಿದರು. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಇತ್ತು, ಒಳಗಿನಿಂದ ಉದ್ದ ಉದ್ದ ಬೀಪ್ ಬಂತು. ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಕೂರಿಸಿದ ಮೇಲೆ ಬೀಪ್ ನಿಂತು ಪರದೆ ಬೆಳಗಿತು. ಅಷ್ಟರಲ್ಲಿ ಡಿಸ್ಕ್ ಇಲ್ಲ ಎಂಬ ಸಾಲು. ಗುಂಡಿಯಷ್ಟು ಬ್ಯಾಟರಿ ಸತ್ತಿದ್ದರಿಂದ ಯಂತ್ರ ತನ್ನ ಮೈಯಲ್ಲಿ ಏನೇನಿದೆ ಎಂಬುದನ್ನೇ ಮರೆತಿತ್ತು. “ಜೀವ ಐತ್ರಿ, ನೆನಪ ಹೋಗೇತಿ” ಅಂದರು. ಹೊಸ ಬ್ಯಾಟರಿ ಹಾಕಿದ ಮೇಲೆ, ಡಿಸ್ಕಿನ ಮೇಲೆ ಅಚ್ಚಾಗಿದ್ದ ಅಂಕಿಗಳನ್ನು ನಾನು ಓದಿದೆ, ಅವರು ಒತ್ತಿದರು. ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದ್ದಕ್ಕೆ “ನೀವು ಓದೂ ಮಂದಿ, ಸ್ಕ್ರೂ ಯಾ ಕಡೆ ತಿರಗತೈತಿ ಅನ್ನೂದೂ ಪುಸ್ತಕದಾಗ ನೋಡತೀರಿ” ಎಂದು ನಕ್ಕರು. ಕೊನೆಗೆ ಡಿಸ್ಕೇ ತಿರುಗಲಿಲ್ಲ. ಅವರು ಅದನ್ನು ಕಿವಿಗೆ ಹಿಡಿದು, ಮಣಿಕಟ್ಟನ್ನು ಒಮ್ಮೆ ಚಕ್ಕನೆ ತಿರುವಿದರು. ಒಳಗೆ ಸಣ್ಣ ಗುಂಯ್ ಸದ್ದು ಎದ್ದಿತು. “ಇನ್ನೊಮ್ಮೆ ಏಳತೈತಿ ಅಂತ ನಾ ಹೇಳೂದಿಲ್ರಿ. ಏನ ನೋಡೂದೈತಿ ಲಗೂನ ನೋಡಿಕೋರಿ.”

ಮನೆಗೆ ತಂದ ಮೇಲೆ ಮತ್ತೊಂದು ತೊಡಕು. ಕನ್ನಡದ ಸಾಫ್ಟ್‌ವೇರಿಗೆ ಒಂದು ಕೀಲಿ ಇತ್ತಲ್ಲ, ಯಂತ್ರದ ಹಿಂಬದಿಯಲ್ಲಿ ಪ್ರಿಂಟರಿನ ಜಾಗಕ್ಕೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ತುಂಡು. ಅದಿಲ್ಲದೆ ಯಾವ ಫೈಲೂ ತೆರೆಯದು. ಎಲ್ಲಾ ಕಡೆ ಹುಡುಕಿದೆ. ಅವ್ವ ತನ್ನ ಟ್ರಂಕಿನಿಂದ, ಅಪ್ಪನ ಕನ್ನಡಕ ಮತ್ತು ವಿಭೂತಿಗಟ್ಟಿಯ ಜೊತೆ ಇಟ್ಟಿದ್ದನ್ನು ತಂದುಕೊಟ್ಟಳು. “ನಿನ್ನ ಲಗ್ನಾದಾಗಿಂದ ಇದನ್ನ ಅಂಗ್ಯಾಗ ಇಟಗೊಂಡ ಅಡ್ಡಾಡತಿದ್ದ. ಯಾಕಂತ ಕೇಳಿದ್ರ, ಮಂದಿ ಮುಟ್ಟತಾರ ಅಂತಿದ್ದ.”

ಅಪ್ಪನ ಪದ್ಧತಿ ನಿನಗೆ ನೆನಪಿರುತ್ತದೆ. ಗಿರಾಕಿ ಒಂದು ಅಕ್ಷರ ಬದಲಿಸಿದರೂ ಹಳೆಯದನ್ನು ಅಳಿಸದೆ, ಮುಂದಿನ ಅಂಕಿ ಕೊಟ್ಟು ಬೇರೆ ಫೈಲು ಮಾಡುವುದು. “ಮಂದೀ ಮನಸು ನಾಳೆ ತಿರಗತೈತಿ, ಹಳೇದು ಇರಬೇಕು” ಎಂದು ನಮ್ಮಿಬ್ಬರಿಗೂ ಕಲಿಸಿದ್ದ. ನನ್ನ ಹೆಸರಿನಲ್ಲಿ ಮೂರು ಫೈಲುಗಳಿದ್ದವು. ಯಂತ್ರದ ಗಡಿಯಾರ ಇಂದು ತಪ್ಪು ಹೇಳಿದರೂ ಅಂದು ಬರೆದ ತಾರೀಖು ಅಳಿದಿರಲಿಲ್ಲ. ಮೊದಲನೆಯದು 15 ಏಪ್ರಿಲ್ 2003, ಮಂಗಳವಾರ, ಸಂಜೆ ಆರೂವರೆ. ನಿನ್ನ ಹೆಸರಿದೆ, ಭಾವನ ಹೆಸರಿದೆ, ಆಗ ನೀವಿದ್ದ ಸವಣೂರು ಎಂದಿದೆ, ಹಾನಗಲ್ಲಿನ ಮಾವನ ಹೆಸರಿಗಿಂತ ಮೇಲೆ. ಎರಡನೆಯದು ಮರುದಿನ ಬುಧವಾರ, ಮಧ್ಯಾಹ್ನ ಎರಡು ನಲವತ್ತು. ಆ ಸಾಲು ಇಲ್ಲ. ಅಚ್ಚಾದದ್ದು ಅದು. ಮೂರನೆಯದು 21, ಸೋಮವಾರ. ಅಚ್ಚಾದ ಕಾರ್ಡಿನ ಕಟ್ಟು ಮನೆಗೆ ಬಂದ ದಿನ. ನಿನ್ನ ಸಾಲು ಮತ್ತೆ ಇದೆ, ಇದ್ದಲ್ಲಿಯೇ. ಅದನ್ನು ಯಾರೂ ಅಚ್ಚು ಹಾಕಿಸಲಿಲ್ಲ.

ಅವ್ವ ಪರದೆಯ ಮೇಲೆ ಬೆರಳಿಟ್ಟು ನಿನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನನ್ನಿಂದ ತಾರೀಖು, ಗಂಟೆ ಎಲ್ಲ ಓದಿಸಿದಳು. ಆಮೇಲೆ ಹೇಳಿದಳು: “ಬುಧವಾರ ನಿಮ್ಮಪ್ಪ ಊರಾಗ ಇರಲಿಲ್ಲ. ಮಾವನ್ನ ಕರಿಯಾಕ ಹಾನಗಲ್ಲಿಗೆ ಹೋಗಿದ್ದ, ಕಡೀ ಬಸ್ಸಿಗೆ ಬಂದ.” ಬಹಳ ಹೊತ್ತು ನನ್ನ ಕಡೆ ನೋಡಲಿಲ್ಲ. ಎದ್ದು ಹೋಗುವಾಗ ಇಷ್ಟೇ: “ತನೂಗ ಪತ್ರಾ ಬರಿ. ಫೋನಿನಾಗ ಬ್ಯಾಡ.”

ಮೂರೂ ಪರದೆಗಳ ಫೋಟೊ ತೆಗೆದು, ಪ್ರಿಂಟು ಹಾಕಿಸಿ ಇದರೊಳಗೆ ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಡಿಸ್ಕು ಏಳಲಿಲ್ಲ. ಖಾದರಸಾಬರ ಹಾಗೆ ಮಣಿಕಟ್ಟು ತಿರುವಿ ನೋಡಿದೆ, ಆಗಲಿಲ್ಲ.

ಅವ್ವ ನಿನಗೂ ಮೊಮ್ಮಗಳು ಮಾಹೀರಾಳಿಗೂ ಆಶೀರ್ವಾದ ಹೇಳಿದ್ದಾಳೆ. ನದೀಮಭಾವನಿಗೆ ನನ್ನ ನಮಸ್ಕಾರ ತಿಳಿಸು, ಅವರು ಸ್ವೀಕರಿಸುವುದಾದರೆ.

ನಿನ್ನ ತಮ್ಮ,
ಚನ್ನೇಶ

ತಾ.ಕ.: ಮೇಲಿನದನ್ನು ಮಡಿಚಿ ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಎರಡನೆಯ ಫೈಲು ಮಾಡಿದವನು ನಾನು. ದುಂಡಸಿಯ ಬೀಗರ ಕಡೆಯ ಹಿರಿಯರೊಬ್ಬರು ಆ ಬುಧವಾರ ಅಂಗಡಿಗೆ ಬಂದು ಕರಡನ್ನು ನೋಡಿ “ಈ ನದೀಮ ಅಂದ್ರ ಯಾರ್ರಿ?” ಎಂದು ಕೇಳಿದರು. ತೆಗೆಯಿರಿ ಎನ್ನಲಿಲ್ಲ. ಲಗ್ನ ಮುರಿದೀತೆಂದು ನಾನು ಹೆದರಿದೆ. ಅವರು ಹೋದ ಮೇಲೆ ಆ ಸಾಲು ತೆಗೆದು ಪ್ರೆಸ್ಸಿಗೆ ನಾನೇ ಕೊಟ್ಟುಬಂದೆ. ಅಪ್ಪ ಕಲಿಸಿದ ರೂಢಿ ಬಿಡದೆ, ಎರಡು ಎಂದು ಅಂಕಿ ಹಾಕಿ ಉಳಿಸಿದ್ದೆ. ಅಪ್ಪ ಅದನ್ನು ಕಂಡಿದ್ದ; ಮೂರನೆಯದು ಅವನು ಮಾಡಿದ್ದು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೀಲಿಯನ್ನು ಮಾತ್ರ ಅಂಗಿಯಲ್ಲಿ ಇಟ್ಟುಕೊಂಡ. ಸವಣೂರಿನಲ್ಲಿ ಡಿಸ್ಕು ಏಳದಿದ್ದರೆ ಸಾಕು ಎಂದುಕೊಂಡಿದ್ದೆ. ಶನಿವಾರ ಅವ್ವನನ್ನು ಕರೆಯುವ ಮೊದಲು ಎರಡನೆಯದನ್ನೂ ಮೂರನೆಯದನ್ನೂ ಅಳಿಸಬಹುದಿತ್ತು. ನಿನ್ನ ಚುಕ್ಕೆಗಳ ಮೇಲೆ ಬೆರಳಿಟ್ಟು ಕೂತಿದ್ದೆ. ಅಳಿಸಲಿಲ್ಲ.

ಡಿಸೆಂಬರ್ 14, ಶನಿವಾರ ಪುಣ್ಯಸ್ಮರಣೆ. ಕಾರ್ಡಿನಲ್ಲಿ ನಿಮ್ಮಿಬ್ಬರ ಹೆಸರು ಮೊದಲಿರುತ್ತದೆ. ಅಂದು ಊಟಕ್ಕೆ ಕೂಡುವ ಮುಂಚೆ, ಹಾನಗಲ್ಲಿನವರು, ದುಂಡಸಿಯವರು ಎಲ್ಲ ಇರುವಾಗ, ಎದ್ದು ನಿಂತು ಇದನ್ನು ಹೇಳುವುದೆಂದು ನಿಶ್ಚಯಿಸಿದ್ದೇನೆ. ನೀನು ಬಂದರೂ, ಬಾರದಿದ್ದರೂ. ಅವ್ವನನ್ನು ಅಲ್ಲಿಯವರೆಗೆ ಕಾಯಿಸುವುದಿಲ್ಲ. ಇದನ್ನು ಪೋಸ್ಟಿಗೆ ಹಾಕಿ ಬಂದು ಹೇಳುತ್ತೇನೆ. ಈಗ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ.