ಮಗ್ಗ ನಿಲ್ಲಿಸದ ನಗು

ಗುರುಸಿದ್ದಾ,

ಸಾವಳಗಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ. ಕುಣಿಯಲಿ, ನೀನಂತೂ ಓದುವುದಿಲ್ಲ. ನೀನು ಇಚಲಕರಂಜಿಗೆ ಹೋದ ಮೇಲೆ ನಿನ್ನ ವಿಳಾಸ ಕೇಳುವ ಧೈರ್ಯ ನನಗಾಗಿಲ್ಲ.

ಇವತ್ತು ಬನಹಟ್ಟಿಯಲ್ಲಿ ನಿಮ್ಮ ಮನೆಗೆ ಹೋಗಿದ್ದೆ. ನನ್ನ ಧಾರಾವಾಹಿಯನ್ನು ನಿಮ್ಮವ್ವನಿಗೆ ತೋರಿಸಬೇಕಿತ್ತು. ಇಂಗ್ಲೆಂಡಿನ ಹಾಸ್ಯ ಧಾರಾವಾಹಿಯೊಂದನ್ನು ಕನ್ನಡಕ್ಕೆ ಒಗ್ಗಿಸಿ ಬರೆದದ್ದು. ಟೀವಿಯವರಿಗೆ ಬಹಳ ಹಿಡಿಸಿದೆ. ಆದರೂ ನಾವಿಬ್ಬರೂ ಕೂಡಿ ಬರೆದ ನಾಟಕಗಳಿಗೆ ಇದ್ದ ಪರೀಕ್ಷೆ ಇದಕ್ಕೂ ಆಗಲಿ ಅನ್ನಿಸಿತು. ನೆನಪಿದೆಯಲ್ಲ? ಅವ್ವ ಮಗ್ಗ ನಡೆಸುವಾಗ ನಾವು ಪಕ್ಕದಲ್ಲಿ ನಿಂತು ಕೂಗಿ ಓದುತ್ತಿದ್ದೆವು. ಆಕೆ ನಗು ತಡೆಯಲಾರದೆ ಮಗ್ಗ ನಿಲ್ಲಿಸಿದರೆ ಆ ಮಾತು ಉಳಿಯುತ್ತಿತ್ತು, ಇಲ್ಲದಿದ್ದರೆ ಹೊಡೆದುಹಾಕುತ್ತಿದ್ದೆವು.

ಟೀವಿಯ ದನಿ ಪೂರ್ತಿ ಏರಿಸಿದೆ. ಪ್ರತಿ ಮಾತಿಗೂ ಅದರೊಳಗೆ ಜನ ಹೋ ಎಂದು ನಕ್ಕರು. ಅದು ಟೀವಿಯವರೂ ನಾನೂ ಸೇರಿ ಆಮೇಲೆ ಅಂಟಿಸಿದ ನಗು. ಮಗ್ಗ ನಿಲ್ಲಲಿಲ್ಲ. ಎದ್ದೆ, ಕೂತೆ, ಬಾಗಿಲಿಗೆ ಹೋಗಿ ಬಂದೆ. ಕೊಟ್ಟ ಚಹಾ ಆರಿಹೋಯಿತು. ಮಗ್ಗ ಖಟಖಟ ಅನ್ನುತ್ತಲೇ ಇತ್ತು.

ಕೊನೆಗೆ ಪರದೆಯ ಮೇಲೆ ಬರೆದವರ ಹೆಸರು ಬಂತು. ಅವ್ವ ಮಗ್ಗ ನಿಲ್ಲಿಸಿದಳು.

"ಮಾಳು, ನಿಂದೊಂದ ಹೆಸರ ಐತಲ್ಲೋ. ನಮ್ಮ ಗುರುಸಿದ್ದಂದು ಎಲ್ಲಿ?"

"ಇದನ್ನ ನಾ ಒಬ್ಬನ ಬರದೇನಿ, ಯವ್ವಾ."

"ಹಂಗೇನು? ಅದಕ್ಕ ನಗಿ ಬರಲಿಲ್ಲ ಮತ್ತ," ಅಂದಳು. ಮತ್ತೆ ಮಗ್ಗ ಶುರು ಮಾಡಿದಳು.