ನಲ್ಲಿ ಬರುವ ದಿನದ ಅಂತರ್ಜಲ

ಭಾನುವಾರ, ಮಾರ್ಚ್ ೧೪

ರೀ,

ಬೇರೆ ಹೇಗೆ ಕರೆಯಲಿ? ‘ಪ್ರೊಫೆಸರ್ ಸಾಹೇಬರೇ’ ಅಂತ ಬರೆದು ಹೊಡೆದುಹಾಕಿದೆ, ಓದಿ ನೀವು ಖುಷಿಪಟ್ಟುಬಿಡುತ್ತೀರಿ ಅನಿಸಿತು. ಹೆಸರು ಹಿಡಿದು ಕರೆಯುವುದು ನನಗೆ ಯಾವತ್ತೂ ಬರಲಿಲ್ಲ. ನಿಮ್ಮ ಮನೆ ಬಿಟ್ಟು ಬಂದು ಇಷ್ಟು ವರ್ಷವಾದರೂ ಬಾಯಿಗೆ ಬರುವುದು ಇದೇ. ಇದರಲ್ಲಿ ಪ್ರೀತಿ ಹುಡುಕಬೇಡಿ, ಬರೀ ಅಭ್ಯಾಸಬಲ.

ನಿಮ್ಮ ಪತ್ರ ಬಂತು. ನನ್ನ ಮಂಡಿನೋವು ವಿಚಾರಿಸಿ ಒಂದು ಸಾಲು, ಸೆಖೆಯ ಬಗ್ಗೆ ಒಂದು ಸಾಲು, ಆಮೇಲೆ ವಿಷಯ. ಮುಂದಿನ ತಿಂಗಳು ನಿಮ್ಮನ್ನು ಜಲ ಆಯೋಗದ ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಅಷ್ಟರೊಳಗೆ ನಮ್ಮ ಮಗಳು ಪಿಎಚ್‌ಡಿ ಪ್ರಬಂಧ ಸಲ್ಲಿಸುತ್ತಾಳೆ. ಅದರ ನಾಲ್ಕನೇ ಅಧ್ಯಾಯ ನಿಮ್ಮ ಹಳೆಯ ವರದಿಯೇ ತಪ್ಪು ಅನ್ನುತ್ತದೆ. ಆ ಅಧ್ಯಾಯ ಕಿತ್ತುಹಾಕು ಅಂತ ತಾಯಿಯಾದ ನಾನು ಅವಳಿಗೆ ಬುದ್ಧಿ ಹೇಳಬೇಕು, ನೀವು ಹೇಳುವುದು ನಿಮಗೆ ಶೋಭೆಯಲ್ಲ. ಅದರ ಜೊತೆಗೆ ಒಂದು ಚುಚ್ಚುಮಾತು ಬೇರೆ, ಅವಳ ಕಿವಿ ಊದಿದವಳು ನಾನೇ ಇರಬೇಕು ಅಂತ.

ಹೇಳುವುದಿಲ್ಲ. ನನ್ನ ಉತ್ತರ ಇಷ್ಟೇ.

ಮುಂದಿನದನ್ನು ನೀವು ಓದುತ್ತೀರೋ ಇಲ್ಲವೋ. ಯಾರು ಏನೇ ಬರೆದು ತಂದರೂ ನಿಮ್ಮ ಕಣ್ಣು ಓಡುವುದು ಎರಡೇ ಕಡೆ, ಮೊದಲ ಪುಟದ ಸಾರಾಂಶ ಮತ್ತು ಕಡೆಯ ಪುಟದ ತೀರ್ಮಾನ. ಮಧ್ಯದ್ದೆಲ್ಲ ಕೆಲಸವಿಲ್ಲದವರ ಪಾಲಿಗೆ. ವಿದ್ಯಾರ್ಥಿಗಳು ನಿಮ್ಮ ಬೆನ್ನ ಹಿಂದೆ ‘ಮೊದಲು-ಕೊನೆ ಮೇಷ್ಟ್ರು’ ಅನ್ನುತ್ತಿದ್ದರು, ಗೊತ್ತಾ? ನನ್ನ ಮುಂದೆಯೂ ಅಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ. ಆಗ ನಿಮ್ಮ ಮಾನ ನನ್ನ ಮಾನ ಬೇರೆಯಾಗಿರಲಿಲ್ಲವಲ್ಲ.

ಆ ಬಡಾವಣೆ ನೆನಪಿದೆಯಾ? ಇಂಗುಗುಂಡಿ ತೋಡಿಸಿ ಮಳೆನೀರು ಇಂಗಿಸಿದರೆ ಅಂತರ್ಜಲ ಏರುತ್ತದೆಯೇ ಅಂತ ಪರೀಕ್ಷೆ ಮಾಡಲು ಹೊರಟಿದ್ದೆವು. ಒಂದೇ ವಿಭಾಗ, ಒಂದೇ ಜೀಪು, ಒಂದೇ ಫ್ಲಾಸ್ಕಿನ ಕಾಫಿ. ನೀರಿನ ಮಟ್ಟ ಅಳೆಯುವ ಕೊಳವೆಬಾವಿಗೆ ಜಾಗ ಆರಿಸಿದವರು ನೀವು. ಪಾರ್ಕಿನ ಮೂಲೆ, ಮರದ ನೆರಳು, ಜೀಪು ನಿಲ್ಲಿಸಲು ಜಾಗ, ದೊಡ್ಡವರು ಬಂದರೆ ಫೋಟೊಗೂ ಚೆಂದ. ಆ ಮೂಲೆಯ ಕೆಳಗೇ ಊರಿಗೆ ನೀರು ಹೋಗುವ ದೊಡ್ಡ ಪೈಪಿತ್ತು. ಹಳೆಯದು, ಸೋರುತ್ತಿತ್ತು. ಬಾವಿಯಲ್ಲಿ ನೀರು ಏರಿತು, ಏರದೆ ಇರುತ್ತದೆಯೇ? ಅದರ ಜೊತೆ ನಿಮ್ಮ ಹೆಸರೂ ಏರಿತು.

ಪೈಪಿನ ವಿಷಯ ನಾನು ಮೊದಲು ಹೇಳಿದ್ದು ನಮ್ಮ ಊಟದ ಮೇಜಿನಲ್ಲಿ. ನೀವು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ಇನ್ನೊಂದು ವರ್ಷ ನೋಡೋಣ ಅಂದಿರಿ. ಇನ್ನೊಂದು ವರ್ಷಕ್ಕೆ ಆ ಪೈಪು ಕಿತ್ತು ಹೊಸದು ಹಾಕಿದರು. ಬಾವಿಯ ನೀರು ಕುಸಿದುಹೋಯಿತು. ಆಗಲಾದರೂ ಒಪ್ಪುತ್ತೀರಿ ಅಂದುಕೊಂಡೆ. ನೀವು ‘ತಾಂತ್ರಿಕ ಕಾರಣ’ ಅಂತ ಬರೆದು ಬಾವಿಯನ್ನೇ ಬೇರೆ ಕಡೆ ತೋಡಿಸಿದಿರಿ, ಅದೂ ಎಲ್ಲಿ, ಕೆರೆ ದಂಡೆಯಲ್ಲಿ. ಕೆರೆ ಪಕ್ಕ ತೋಡಿದರೆ ನೀರು ಸಿಕ್ಕಿತಂತೆ! ಅದಕ್ಕೂ ಒಂದು ಪ್ರಶಸ್ತಿ ಬಂತು.

ನಾನು ವಿಭಾಗದ ಮುಖ್ಯಸ್ಥರಿಗೆ ಬರೆದುಕೊಟ್ಟೆ. ಅವರು ನಮ್ಮಿಬ್ಬರನ್ನೂ ಕರೆಸಿ, ಕಾಫಿ ತರಿಸಿ, ಗಂಡ ಹೆಂಡತಿ ಜಗಳವನ್ನು ಮನೆಯಲ್ಲೇ ಮುಗಿಸಿಕೊಳ್ಳಮ್ಮ ಅಂದರು. ನಾನು ತಂದಿದ್ದ ಅಳತೆಗಳ ಹಾಳೆ ಅವರ ಕಪ್ಪಿನ ಕೆಳಗಿತ್ತು. ಬೇರೆ ಯಾರೇ ಬರೆದುಕೊಟ್ಟಿದ್ದರೂ ಅದು ವಿಜ್ಞಾನ, ನಾನು ಕೊಟ್ಟಿದ್ದಕ್ಕೆ ಸಂಸಾರದ ತಾಪತ್ರಯ. ಅವರು ನಕ್ಕರು. ನಗಲಿ ಬಿಡಿ, ಅವರು ಹೊರಗಿನವರು. ನೀವೂ ನಕ್ಕಿರಿ. ನಾನು ಯಾಕೆ ಹೊರಟುಬಂದೆ ಅಂತ ಊರೆಲ್ಲ ನೂರು ಕಾರಣ ಹುಡುಕಿತು. ಆ ನಗುವೊಂದೇ ಕಾರಣ. ಅವತ್ತು ಸಂಜೆಯೇ ಪೆಟ್ಟಿಗೆ ತುಂಬಿದೆ.

ನಿಮ್ಮ ವರದಿ ನಂಬಿ ಕಾನೂನು ಆಯಿತು. ಇಂಗುಗುಂಡಿ ತೋಡಿಸಿದ ಕಟ್ಟಡದವರು ಎಷ್ಟು ಬೇಕಾದರೂ ನೀರೆತ್ತಬಹುದು. ನಮ್ಮ ಕಟ್ಟಡದ ಗೇಟಿನ ಮೇಲೂ ಆ ಅನುಮತಿಯ ಹಸಿರು ಫಲಕ ಇದೆ, ಗುಂಡಿಯೂ ಇದೆ, ಅದರ ತುಂಬ ಒಡೆದ ಹೂಕುಂಡ ಮತ್ತು ಯಾರದೋ ಒಂಟಿ ಚಪ್ಪಲಿ. ಪಕ್ಕದ ಕಟ್ಟಡದವರೂ ಹೀಗೇ ಎತ್ತಿದರು, ಎದುರಿನವರೂ ಎತ್ತಿದರು. ಈಗ ಮೋಟರ್ ಹಾಕಿದರೆ ಕೆಸರು ಉಗುಳುತ್ತದೆ. ಇದನ್ನು ಬರೆಯುತ್ತ ನಾನು ಟ್ಯಾಂಕರ್ ಹಾರ್ನ್‌ಗೆ ಕಿವಿ ಕೊಟ್ಟು ಕೂತಿದ್ದೇನೆ. ಮೇಲಿನ ಮನೆಯ ನಿವೃತ್ತ ನರ್ಸಮ್ಮ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವಾಗ, ಈ ಕಾನೂನು ಮಾಡಿದವನ ಮನೆ ಹಾಳಾಗ ಅಂತ ಶಪಿಸುತ್ತಾರೆ. ಆ ಮನೆಯಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ ಅಂತ ಅವರಿಗೇನು ಗೊತ್ತು?

ಇನ್ನು ಕಿವಿ ಊದಿದ ಮಾತು. ದೇವರಾಣೆ, ನಾನು ತುಟಿ ಬಿಚ್ಚಿಲ್ಲ. ಅವಳಮ್ಮ ಹೇಳಿಕೊಟ್ಟಳು ಅಂತ ನಾಳೆ ಯಾರೂ ಅವಳನ್ನು ಆಡಿಕೊಳ್ಳಬಾರದು ಅಂತ ಆ ಬಾವಿಯ ಸುದ್ದಿಯನ್ನೇ ಮನೆಗೆ ತರಲಿಲ್ಲ. ಅವಳನ್ನು ಚಿಕ್ಕಂದಿನಲ್ಲಿ ‘ಪ್ರಶ್ನೆಪತ್ರಿಕೆ’ ಅಂತ ಕರೆಯುತ್ತಿದ್ದವರು ನೀವೇ. ಸೋಪು ಯಾಕೆ ಜಾರುತ್ತೆ, ಮೋಡ ಯಾಕೆ ಬೀಳಲ್ಲ ಅಂತ ನಿಮ್ಮ ತಲೆ ತಿನ್ನುತ್ತಿದ್ದಳು. ನೀವು ಅವಳನ್ನು ಭುಜದ ಮೇಲೆ ಕೂರಿಸಿಕೊಂಡು ಸಾವಧಾನವಾಗಿ ಉತ್ತರ ಹೇಳುತ್ತಿದ್ದಿರಿ. ಅವಳು ಈ ಓದಿಗೆ ಬಂದಿದ್ದೇ ನಿಮ್ಮನ್ನು ನೋಡಿ, ನನ್ನನ್ನಲ್ಲ. ಅದು ನನಗೆ ಹೊಟ್ಟೆಯುರಿ ತಂದಿತ್ತು, ಇಲ್ಲ ಅನ್ನಲ್ಲ.

ಅವಳು ವಿಭಾಗದಲ್ಲಿದ್ದ ಆ ಪಾರ್ಕಿನ ಬಾವಿಯ ಹಳೆಯ ಅಳತೆಗಳನ್ನು ಮಳೆಯ ಲೆಕ್ಕದ ಜೊತೆ ಹೊಂದಿಸಲು ಹೋದಳು. ಹೊಂದಲಿಲ್ಲ. ಬೇರೆ ಅಧ್ಯಾಯಕ್ಕೆ ಅಂತ ತಂದಿಟ್ಟಿದ್ದ ನಲ್ಲಿ ನೀರು ಬಿಡುವ ದಿನಗಳ ಪಟ್ಟಿ ಕೈಗೆ ಸಿಕ್ಕಿತು, ಅದಕ್ಕೆ ಹೊಂದಿಕೊಂಡಿತು, ದಿನಕ್ಕೆ ದಿನ. ಊರಿಗೆ ನೀರು ಬಿಟ್ಟ ದಿನ ಬಾವಿ ಏರುತ್ತಿತ್ತು, ಬಿಡದ ದಿನ ಇಳಿಯುತ್ತಿತ್ತು. ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ, ಅಂತರ್ಜಲಕ್ಕೆ ವಾಲ್ವ್ ತಿರುಗಿಸುವವನ ಡ್ಯೂಟಿ ಹೇಗಮ್ಮ ಗೊತ್ತಾಯ್ತು ಅಂತ ನಕ್ಕಳು. ನಗುತ್ತ ನಗುತ್ತ ಮುಖ ಸಣ್ಣಗಾಯಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷಕ್ಕೆ ಒಬ್ಬರಾದರೂ ಅದನ್ನು ಕಂಡರಲ್ಲ ಅಂತ ಅಡುಗೆಮನೆಗೆ ಹೋಗಿ ಅತ್ತೆ.

ತನ್ನ ಗೈಡಿಗಿಂತ ಮೊದಲು ಅವಳು ತೋರಿಸಲು ತಂದಿದ್ದು ನಿಮಗೆ. ಹೊರಗಿನವರ ಬಾಯಲ್ಲಿ ಅಪ್ಪ ಕೇಳಬಾರದು, ಅಪ್ಪನೇ ತಿದ್ದಿಕೊಳ್ಳಲಿ ಅಂತ. ನೀವು ಪತ್ರದಲ್ಲಿ ಏನು ಬರೆದಿದ್ದೀರಿ? ಅವಳಿಗೆ ನೇರವಾಗಿ ಏನೂ ಹೇಳಿಲ್ಲ, ಹೇಳುವುದು ಶೋಭೆಯಲ್ಲ ಅಂತ. ಹೇಳಿದ್ದೀರಿ. ಅವಳು ನನಗೆ ಒಂದು ಅಕ್ಷರ ಬಿಡದೆ ಒಪ್ಪಿಸಿದಳು. “ಬರೀ ಮಗಳೇ, ಧಾರಾಳವಾಗಿ ಬರೀ. ಅಪ್ಪನ್ನ ಮುಗಿಸ್ತಾ ಇದ್ದೀನಿ ಅಂತ ತಿಳ್ಕೊಂಡು ಬರೀ.”

ಇಂಥ ಮಾತು ಆಡುವುದು ನಿಮಗೆ ನೀರು ಕುಡಿದಷ್ಟು ಸುಲಭ. ಹೌದು ಕಣೆ, ಬಾವಿ ತೋಡಿದ ಜಾಗ ತಪ್ಪಾಯ್ತು, ನೀನು ಸರಿಯಾಗಿ ಹಿಡಿದೆ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಕುರ್ಚಿ ಹೋಗುತ್ತಿತ್ತೇನೋ. ಮಗಳು ಮಾತ್ರ ನಿಮ್ಮನ್ನು ಮತ್ತೆ ಆ ಹಳೆಯ ಭುಜದ ಎತ್ತರದಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಅವಳು ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದಾಳೆ. ನಾನು ಕರೆಯುವ ಮೊದಲೇ ಊಟಕ್ಕೆ ಬರುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಓದುವ ಮೇಜು ಚೊಕ್ಕಟವಾಗಿದೆ. ಹಾರ್ನ್ ಕೇಳಿಸಿತು, ಟ್ಯಾಂಕರ್ ಬಂತು ಅಂತ ಕಾಣುತ್ತದೆ, ಇಳಿದು ಹೋಗಬೇಕು. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಇದೂ ಅಭ್ಯಾಸಬಲವೇ.

ಇತಿ,
ನಿಮ್ಮ ಪ್ರಶ್ನೆಪತ್ರಿಕೆಯ ಅಮ್ಮ

ಇನ್ನೊಂದು ಮಾತು: ಮೊದಲ ಪುಟದಿಂದ ನೇರ ಇಲ್ಲಿಗೇ ಹಾರಿ ಬಂದಿದ್ದೀರಿ ಅಂತ ಗೊತ್ತು, ಅದಕ್ಕೇ ಇದನ್ನು ಇಲ್ಲಿಟ್ಟೆ. ನಿಮ್ಮ ಪತ್ರ ಬರುವ ಮುಂಚೆಯೇ ಅವಳು ಪ್ರಬಂಧವನ್ನು ಕೈಬಿಟ್ಟಳು. ನಾಲ್ಕನೇ ಅಧ್ಯಾಯವನ್ನಲ್ಲ, ಪೂರ್ತಿ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತೆ, ಸೇರಿಸಿ ಬರೆದರೆ ಅಪ್ಪ ಉಳಿಯಲ್ಲ ಅಂದಳು. ಇಷ್ಟು ವರ್ಷದ ಓದಿಗೆ ಎಳ್ಳುನೀರು ಬಿಟ್ಟು, ನಾಳೆಯಿಂದ ಒಂದು ಕಣ್ಣಾಸ್ಪತ್ರೆಯಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಹೋಗುತ್ತಾಳೆ. ಬೈದೆ, ಅತ್ತೆ, ಊಟ ಬಿಟ್ಟೆ, ಕೇಳಲಿಲ್ಲ. ನಿಮಗೆ ತಿಳಿಸಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಳು, ಅಪ್ಪ ನೊಂದುಕೊಳ್ಳುತ್ತಾರೆ ಅಂತ. ಆ ಮಾತು ನಾನು ಉಳಿಸಿಕೊಳ್ಳಲಿಲ್ಲ. ಅಧ್ಯಕ್ಷರಾದ ದಿನ ಅವಳಿಗೆ ಫೋನ್ ಮಾಡಿ. ಮನಸಾರೆ ಅಭಿನಂದನೆ ಹೇಳುತ್ತಾಳೆ. ಅದನ್ನಾದರೂ ಮಧ್ಯ ಬಿಡದೆ ಪೂರ್ತಿ ಕೇಳಿಸಿಕೊಳ್ಳಿ.