ಜಂಕ್ಷನಮ್ಮನ ಕೆಮ್ಮು

ಮಾರ್ಚ್ 3, ಬೆಳಿಗ್ಗೆ

ನಲ್ಲಿ ಇವತ್ತೂ ಸೋರುತ್ತಿದೆ. ವಾಷರ್ ಹಾಕಿದ್ದಾಯಿತು, ದಾರ ಸುತ್ತಿದ್ದಾಯಿತು. "ಬಂದೆ ಯಜಮಾನ್ರೆ" ಅಂದ ಪ್ಲಂಬರ್ ನಾಪತ್ತೆ. ನಮ್ಮ ಪ್ಯಾಸೆಂಜರ್ ಗಾಡಿಯೇ ಎಷ್ಟೋ ವಾಸಿ.

ಇವಳಿಗೆ ಕೆಮ್ಮು ಬಿಟ್ಟಿಲ್ಲ. ಬಿಸಿನೀರು ಕುಡಿ ಎಂದೆ. ಕುಡಿದಳು. ಮಾತಿಲ್ಲ. ಕೆಲಸದಲ್ಲಿದ್ದಷ್ಟು ಕಾಲ ಸ್ಟೇಷನ್ನಿನ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಮಾತಾಡಿದವಳು ಈಗ ಉಪ್ಪು ಬೇಕಾದರೆ ಕೈ ತೋರಿಸುತ್ತಾಳೆ. ಬೈದರೆ ತಿರುಗಿ ಬೈಯುವುದಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ನನಗೂ ಸಾಕಾಗಿದೆ.

ಮಧ್ಯಾಹ್ನ ಮಗಳ ಮನೆಗೆ ಹೋಗುತ್ತಾಳಂತೆ. ಮೊನ್ನೆ ತಾನೇ ಹೋಗಿದ್ದಳು. ಅದೇನು ಮುಗಿಯದ ಕೆಲಸವೋ ತಾಯಿ ಮಗಳಿಗೆ.

ಅದೇ ದಿನ, ಸಂಜೆ

ಕೋಪ ಇನ್ನೂ ಇಳಿದಿಲ್ಲ.

ಗಡ್ಡ ತೆಗೆಸಲು ಹೋಗಿದ್ದೆ. ಬೆಂಚಿನಲ್ಲಿ ಪಕ್ಕದವನ ಫೋನಿನಲ್ಲಿ ಆಟ. ದನಿ ಬಂದ್ ಮಾಡಿಕೊಂಡಿದ್ದ. ಸುಮ್ಮನೆ ಬಗ್ಗಿ ನೋಡಿದೆ. ಒಬ್ಬಳು ದಪ್ಪ ಹೆಂಗಸು. ತಲೆಯ ಮೇಲೆ ಹೆಂಚಿನ ಮಾಡು. ಒಂದು ಕಣ್ಣಿನ ಜಾಗದಲ್ಲಿ ಗಡಿಯಾರ, ಗಾಜು ಬಿರಿದು ಜೇಡರ ಬಲೆಯ ಹಾಗೆ. ಹೆಗಲ ಮೇಲೆ ಮೇಲ್ಸೇತುವೆ, ಎಡಕ್ಕೆ ವಾಲಿದ್ದು...

ಆ ಗಡಿಯಾರ ನಮ್ಮದು. ಆ ಸೇತುವೆಗೆ ಕ್ರೇನು ಗುದ್ದಿದಾಗ ನಾನು ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಹಿಡಿದು ನಿಂತಿದ್ದೆ, ಕಣ್ಣಾರೆ ಕಂಡಿದ್ದೇನೆ. ನಮ್ಮ ಜಂಕ್ಷನ್ನೇ ಸೀರೆಯುಟ್ಟು ನಿಂತಿದೆ!

ಇದೇನೆಂದು ಕೇಳಿದೆ. ಕತ್ತರಿಯವನು ಕುರ್ಚಿಯಲ್ಲಿ ಕೂರಿಸಿ ಸೋಪು ಹಚ್ಚುತ್ತಾ ವಿವರಿಸಿದ. ಆಟದಲ್ಲಿ ಎಲ್ಲ ಸ್ಟೇಷನ್ನುಗಳೂ ಮನುಷ್ಯರಂತೆ. ಒಬ್ಬರಿಂದೊಬ್ಬರು ಪ್ರಯಾಣಿಕರನ್ನು ಕಿತ್ತುಕೊಳ್ಳುತ್ತಾರಂತೆ. ಈ ಹೆಂಗಸು ಜಂಕ್ಷನಮ್ಮ. ಶುದ್ಧ ಕಿಲಾಡಿ. ತಪ್ಪು ಪ್ಲಾಟ್‌ಫಾರ್ಮ್ ಹೇಳಿ ಗಾಡಿ ತಪ್ಪಿಸಿ ಜನರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾಳೆ.

"ಬೆಣ್ಣೇಲಿ ಕೂದ್ಲು ತೆಗ್ದಂಗೆ ಮೋಸ ಮಾಡ್ತಾಳೆ ಯಜಮಾನ್ರೆ. ನಿಮ್ ಸ್ಟೇಷನ್ ನೋಡ್ಕಂಡೇ ಬರ್ದಿದ್ದಂತೆ."

ಎದ್ದು ಬಂದೆ. ಅರ್ಧ ಗಡ್ಡ ಹಾಗೇ ಇದೆ.

ಮಾರ್ಚ್ 4

ಮಗಳಿಗೆ ಫೋನ್ ಮಾಡಿ ಹೇಳಿದೆ. ಅದೊಂದು ಆಟ, ತಲೆ ಕೆಡಿಸಿಕೊಳ್ಳಬೇಡಿ ಅಪ್ಪ, ಅದನ್ನು ನೋಡಲೂ ಹೋಗಬೇಡಿ ಎಂದು ಗಡಿಬಿಡಿಯಲ್ಲಿ ಇಟ್ಟುಬಿಟ್ಟಳು. ನೋಡಬೇಡಿ ಅಂತ ಯಾಕೆ?

ಇವಳಿಗೂ ಹೇಳಿದೆ. ಹುರುಳಿಕಾಯಿ ಮುರಿಯುತ್ತಿದ್ದ ಕೈ ನಿಂತಿತು. ಆಮೇಲೆ ನಕ್ಕಳು. ಅನ್ನ ಕೊಟ್ಟ ಸ್ಟೇಷನ್ನಿಗೆ ಕಳ್ಳಿಯ ವೇಷ ಹಾಕಿದ್ದಾರೆ, ಇವಳಿಗೆ ನಗು. ಮೈಗಂಟಿಕೊಂಡದ್ದು ನನಗೊಬ್ಬನಿಗೇ ಎಂದು ಕಾಣುತ್ತದೆ.

ಮಾರ್ಚ್ 6, ಮಧ್ಯಾಹ್ನ

ಉಳಿದ ಅರ್ಧ ಗಡ್ಡ ತೆಗೆಸಲು ಹೋದೆ. ಕತ್ತರಿಯವನಿಂದ ಆ ಆಟವನ್ನು ನನ್ನ ಫೋನಿಗೂ ಹಾಕಿಸಿಕೊಂಡೆ. ವೈರಿಯ ಮುಖ ಸರಿಯಾಗಿ ನೋಡಬೇಕಲ್ಲ.

ಈ ಸಲ ದನಿ ಇತ್ತು. ದಪ್ಪ ಗೊಗ್ಗರು ದನಿ, ಬಾವಿಯೊಳಗಿಂದ ಬಂದಂತೆ. "ಇಲ್ಲೇ ಕೂತಿರಿ. ನಿಮ್ಮ ಗಾಡಿ ಈಗ ಬಂತು." ಆಮೇಲೆ ಒಂದು ಕೆಮ್ಮು.

ಫೋನು ಕೈಜಾರಿತು.

"ಅಷ್ಟೇ ಗುರುತು," ಎಂದ ಕತ್ತರಿಯವನು. "ಕೆಮ್ಮಿದ್ಲು ಅಂದ್ರೆ ಸುಳ್ಳು ಅಂತ ಲೆಕ್ಕ. ನಂಬಿ ಕೂತ್ರೆ ಕೆಟ್ರಿ."

ಅವನಿಗೇನು ಗೊತ್ತು. ಆ ಕೆಮ್ಮು ಇವಳದು. ಊರೆಲ್ಲ ಕೇಳಿದ್ದರೂ ಅದರ ಅರ್ಥ ನನಗೊಬ್ಬನಿಗೇ ಗೊತ್ತಿದ್ದದ್ದು. ಅನೌನ್ಸ್ ಮಾಡಿ ಮುಗಿಸಿ ಮೈಕ್ ಬಂದ್ ಮಾಡುವ ಮುಂಚೆ ಒಂದು ಸಲ ಕೆಮ್ಮಿದರೆ — ಚಹಾ ಬಂದಿದೆ, ಕ್ಯಾಬಿನ್ನಿನಿಂದ ಇಳಿದು ಬನ್ನಿ. ಎರಡು ಸಲ ಕೆಮ್ಮಿದರೆ — ಸಾಹೇಬರು ರೌಂಡಿಗೆ ಬಂದಿದ್ದಾರೆ, ಬೀಡಿ ಆರಿಸಿ. ಮದುವೆಗೆ ಮುಂಚೆ ಶುರುವಾದದ್ದು. ಸ್ಟೇಷನ್ ಮಾಸ್ಟರು ಪಾಪ, ಮೈಕಿನ ಹುಡುಗಿಗೆ ಧೂಳು ಆಗುವುದಿಲ್ಲವೆಂದು ಕಿಟಕಿಗೆ ಪರದೆ ಹಾಕಿಸಿಕೊಟ್ಟಿದ್ದರು.

ಮತ್ತೆ ಆಡಿಸಿದೆ. ಜಂಕ್ಷನಮ್ಮ ಒಬ್ಬನನ್ನು "ಬ್ರೇಕ್ ವ್ಯಾನ್ ಮುಸುಡಿಯವನೇ" ಎಂದು ಬೈದಳು. ಅದು ನನ್ನ ಬೈಗುಳ! ಗೂಡ್ಸ್ ಗಾಡಿಯ ಬಾಲಕ್ಕೆ ಸಿಕ್ಕಿಸುವ ಗಾರ್ಡಿನ ಡಬ್ಬಿ ನೋಡಿ ನಾನೇ ಕಟ್ಟಿದ್ದು. ನನ್ನ ಮನೆ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ.

ಮಾರ್ಚ್ 10

ನಾಲ್ಕು ದಿನ ಯೋಚಿಸಿದೆ. ಇವಳ ದನಿಯ ಹಳೆಯ ಟೇಪು ಎಲ್ಲಿಂದಲೋ ಕದ್ದಿದ್ದಾರೆ, ಅಷ್ಟೇ. ಇವಳ ಜಾಗಕ್ಕೆ ಮೆಷೀನು ತಂದು ಕೂರಿಸಿದ ದಿನ ಟೇಪುಗಳನ್ನು ಹೊರಗೆ ಎಸೆದಿದ್ದರು. ಯಾವನೋ ಆರಿಸಿಕೊಂಡಿರಬೇಕು. ಬೈಗುಳ ಹೇಗೆ ಸಿಕ್ಕಿತು? ಅದೊಂದು ಬಗೆಹರಿಯುವುದಿಲ್ಲ.

ಆಟ ಮಾಡುವವರ ಆಫೀಸು ಈ ಊರಲ್ಲೇ ಇದೆಯಂತೆ, ಕತ್ತರಿಯವನ ಗಿರಾಕಿಯೊಬ್ಬನಿಗೆ ಅಲ್ಲೇ ಕೆಲಸ. ನಾಳೆ ಹೋಗುತ್ತೇನೆ. ಇವಳಿಗೆ ಹೇಳಿಲ್ಲ. ಅವರಿಗೆ ನೀರಿಳಿಸಿ ಬಂದು ಹೇಳುವುದು.

ಮಾರ್ಚ್ 11, ಸಂಜೆ

ಬರೆಯಲು ಕೂತು ಬಹಳ ಹೊತ್ತಾಯಿತು.

ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದ್ದೆ. ಕಳ್ಳರು, ಲಫಂಗರು, ಬಾಯಿಗೆ ಬಂದದ್ದು. ಹುಡುಗರೆಲ್ಲ ಕಿವಿಯಿಂದ ಯಂತ್ರ ತೆಗೆದು ನೋಡಿದರು. ನೀಲಿ ಕೂದಲಿನ ಒಬ್ಬಳು ಹುಡುಗಿ ಎದ್ದು ಬಂದಳು. ಹೆದರಲಿಲ್ಲ. ನನ್ನ ಬಾಯಿಂದ "ಬ್ರೇಕ್ ವ್ಯಾನ್ ಮುಸುಡಿ" ಬಂದದ್ದೇ ತಡ, ಅವಳ ಮುಖ ಅರಳಿತು.

"ಅಯ್ಯೋ, ನೀವು ಅಮ್ಮನ ಯಜಮಾನ್ರಾ? ಬನ್ನಿ, ಕೂತ್ಕೊಳ್ಳಿ."

ಯಾವ ಅಮ್ಮ?

ಗಾಜಿನ ಕೋಣೆ ತೋರಿಸಿದಳು. ಒಳಗೆ ಒಂದು ಮೈಕು, ಒಂದು ಸ್ಟೂಲು. ಸ್ಟೂಲಿನ ಮೇಲೆ ಇವಳ ಕಂದು ಶಾಲು. ಮಗಳ ಮನೆಯಲ್ಲಿ ಮರೆತೆ ಎಂದಿದ್ದಳಲ್ಲ, ಅದೇ.

ಆಟಕ್ಕಾಗಿ ಸ್ಟೇಷನ್ನಿನ ಚಿತ್ರ ಬರೆಯಲು ಹೋದವರು ಅಲ್ಲಿ ಹಳೆಯ ಅನೌನ್ಸರ್ ಯಾರೆಂದು ವಿಚಾರಿಸಿ, ಮಗಳ ಮೂಲಕ ಇವಳನ್ನು ಹಿಡಿದಿದ್ದರಂತೆ. ಓದಲು ಬರೆದುಕೊಟ್ಟ ಮಾತುಗಳಲ್ಲಿ ಕೆಮ್ಮು ಇರಲಿಲ್ಲವಂತೆ. ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದರು. ಕೊನೆಗೆ ಇವಳೇ, ಇದು ನಿಲ್ಲುವ ಕೆಮ್ಮಲ್ಲ, ಜಂಕ್ಷನಮ್ಮ ಸುಳ್ಳು ಹೇಳಿದಾಗ ಕೆಮ್ಮುತ್ತಾಳೆ ಎಂದು ಮಾಡಿಬಿಡಿ ಎಂದಳಂತೆ.

ಹುಡುಗಿ ಹೇಳುತ್ತಲೇ ಇದ್ದಳು, ನನಗೆಲ್ಲ ಗೊತ್ತೆಂದುಕೊಂಡು. "ಆಟದ ಮುಂದಿನ ಭಾಗಾನೂ ಆಪರೇಷನ್‌ಗೆ ಮುಂಚೆ ಮುಗಿಸ್ಬೇಕು ಅಂತ ಅಮ್ಮನೇ ಅವಸರ ಮಾಡಿದ್ರು. ಹತ್ತೊಂಬತ್ತನೇ ತಾರೀಖಿನ ಮೇಲೆ ದನಿ ಇರಲ್ಲವಲ್ಲ, ಪಾಪ... ನೀವು ಜೊತೆಗಿರ್ತೀರಲ್ವಾ?"

ಇರುತ್ತೇನೆ ಎಂದೆ. ಶಾಲು ತೆಗೆದುಕೊಂಡು ಬಂದೆ.

ಮಾರ್ಚ್ 12

ಶಾಲನ್ನು ಮೇಜಿನ ಮೇಲೆ ಇಟ್ಟೆ. ನೋಡಿದಳು. ಕೂತಳು.

ಗಂಟಲಿನಲ್ಲಿ ಗಡ್ಡೆ. ಕೆಟ್ಟ ಜಾತಿಯದು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕಂತೆ, ಇಲ್ಲದಿದ್ದರೆ ಜೀವಕ್ಕೇ ಕುತ್ತು. ಮಗಳಿಗೆ ಗೊತ್ತು, ನೀಲಿ ಕೂದಲಿನವಳಿಗೆ ಗೊತ್ತು. ಮನೆಯಲ್ಲಿ ಬಿಸಿನೀರು ಕುಡಿ ಎನ್ನುತ್ತಿದ್ದವನಿಗೆ ಗೊತ್ತಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೂಗಲಿಲ್ಲ. ಕೂಗಲು ಆಗಲಿಲ್ಲ.

"ಹೇಳಿದ್ರೆ ಹೋಗಿ ಡಾಕ್ಟರ ಕೊರಳಪಟ್ಟಿ ಹಿಡೀತಿದ್ರಿ," ಎಂದಳು. ದನಿ ಹರಿದ ಕಾಗದ. "ನನ್ ಕೊರಳು ಕುಯ್ಯೋರು ಅವ್ರು. ಕೈ ನಡುಗ್ಬಾರ್ದಲ್ವಾ?"

ನಗಬೇಕೋ ಅಳಬೇಕೋ. ಆಪರೇಷನ್ನಿನ ಹಿಂದಿನ ದಿನ ಹೇಗೂ ಹೇಳುವವಳಿದ್ದಳಂತೆ. ಹೋಗಲಿ, ದನಿ ಇಟ್ಟುಹೋಗುವುದೇ ಆದರೆ ಆ ಕಳ್ಳಿಯ ಬಾಯಲ್ಲೇ ಇಡಬೇಕಿತ್ತೇ ಎಂದೆ.

"ಒಳ್ಳೆಯವಳ ಪಾರ್ಟೇ ಕೊಟ್ಟಿದ್ರು. ನಾನೇ ಬೇಡ ಅಂದೆ. ಒಳ್ಳೆಯವಳಿಗೆ ಮಾತೇ ಕಡಿಮೆ ಕಣ್ರೀ."

ಮಾರ್ಚ್ 15

ಡಾಕ್ಟರು ಮಾತು ಕಡಿಮೆ ಮಾಡಿ ಎಂದಿದ್ದರಂತೆ. ಅದಕ್ಕೇ ಇಷ್ಟು ದಿನ ಕೈಸನ್ನೆ. ಇನ್ನು ಯಾರಿಗೆಂದು ಉಳಿಸುವುದು? ಇದ್ದದ್ದನ್ನೆಲ್ಲ ಖರ್ಚು ಮಾಡು ಎಂದೆ. ಮಾಡಿದಳು. ನಿನ್ನೆ ಇವತ್ತು ಜಗಳವೋ ಜಗಳ. ನನ್ನ ತಂಗಿಯ ಮದುವೆಯಲ್ಲಿ ನಾನು ಮುನಿಸಿಕೊಂಡು ಊಟ ಬಿಟ್ಟದ್ದು, ಬೀಡಿಯಿಂದ ಅವಳ ಹೊಸ ಸೀರೆ ಸುಟ್ಟದ್ದು, ಎಲ್ಲ ತೆಗೆದಳು. ಸೀರೆ ವಿಷಯದಲ್ಲಿ ನಾನು ಸೋತುಕೊಟ್ಟೆ. ಅದಕ್ಕೆ ಇನ್ನೂ ಜಾಸ್ತಿ ಬೈದಳು, ಸೋತುಕೊಡಬೇಡಿ, ಮೈಯುರಿಯುತ್ತದೆ ಎಂದು.

ಪ್ಲಂಬರ್ ಬಂದ. ನಲ್ಲಿ ಸರಿಯಾಯಿತು. ಅವನು ಹೋದ ಮೇಲೆ ಇವಳು ಸ್ವಲ್ಪ ಮಲಗಿದಳು. ಮನೆ ಗಪ್‌ಚಿಪ್. ಹನಿಯೂ ಇಲ್ಲ. ಎದ್ದು ಹೋಗಿ ನಲ್ಲಿ ಸ್ವಲ್ಪ ತಿರುಗಿಸಿ ಬಂದೆ.

ಮಾರ್ಚ್ 19, ಆಸ್ಪತ್ರೆ

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಾಳೆ. ಕಬ್ಬಿಣದ ಬೆಂಚು. ಎದುರಿಗೆ ಎರಡು ಕದದ ಬಾಗಿಲು, ಮೇಲೊಂದು ಕೆಂಪು ದೀಪ. ಜೀವಮಾನವಿಡೀ ಕೆಂಪು ದೀಪ ನೋಡಿದವನು. ಆಗ ಹಸಿರು ಮಾಡುವ ಲಿವರು ನನ್ನ ಕೈಯಲ್ಲಿತ್ತು.

ಡಾಕ್ಟರ ಕೊರಳಪಟ್ಟಿ ಹಿಡಿಯಲಿಲ್ಲ. ಕೈ ಮುಗಿದೆ.

ಏನಾದರೂ ಹೇಳು ಎಂದು ಬಾಗಿಲಿನ ತನಕ ಗಾಲಿಮಂಚದ ಪಕ್ಕ ನಡೆದೆ. ಕೊನೆಯ ಮಾತು ಏನಾಡುತ್ತಾಳೋ, ಕಿವಿಯಲ್ಲಿ ಇಟ್ಟುಕೊಳ್ಳೋಣ ಎಂದು. ಛಾವಣಿ ನೋಡುತ್ತಿದ್ದಳು. ಬಾಗಿಲು ತೆರೆಯಿತು. ಆಗ ನನ್ನ ಕಡೆ ತಿರುಗಿದಳು.

"ಇಲ್ಲೇ ಕೂತಿರಿ. ನಾನು ಈಗ ಬಂದೆ."

ಆಮೇಲೆ ಒಂದು ಸಲ ಕೆಮ್ಮಿದಳು. ಒಂದೇ ಸಲ.

ಕದ ಮುಚ್ಚಿತು.

ಅವತ್ತಿನ ಕೆಮ್ಮೋ, ಆಟದ ಕೆಮ್ಮೋ? ಇಳಿದು ಬನ್ನಿ ಎಂದಳೋ, ನಂಬಬೇಡಿ ಎಂದಳೋ? ಕಿಲಾಡಿ. ಕೇಳೋಣವೆಂದರೆ ಇನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ.

ಕೂತಿದ್ದೇನೆ. ನಂಬಿ ಕೂತರೆ ಕೆಟ್ಟಿರಿ ಎಂದಿದ್ದ ಕತ್ತರಿಯವನು. ಕೆಟ್ಟರೆ ಕೆಡುತ್ತೇನೆ.

ಕೆಂಪು ದೀಪ ಆರಿತು. ಕದ ಅಲುಗಿತು. ಯಾರೋ ಹಸಿರು ಬಟ್ಟೆಯವರು, ಮುಖದಿಂದ ಮಾಸ್ಕ್ ತೆಗೆಯುತ್ತಾ ನನ್ನ ಕಡೆಗೇ ಬರುತ್ತಿದ್ದಾರೆ.